ಶೋಧನೆ ಬರುವ ಹೊತ್ತು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ: ದಿನನಿತ್ಯದ ಬದುಕಿಗೆ ಒಂದು ಸಮಗ್ರ ಮಾರ್ಗದರ್ಶಿ

ಶೋಧನೆ, ಅಂದರೆ ಪಾಪಕ್ಕೆ ಎಳೆಯುವ ಆಸೆ ಅಥವಾ ಒತ್ತಡ, ಅಂದ ಕೂಡಲೇ ದೊಡ್ಡ ದೊಡ್ಡ ಪಾಪಗಳೇ ನೆನಪಿಗೆ ಬರುತ್ತವೆ. ಕೊಲೆ, ಕಳ್ಳತನ, ವ್ಯಭಿಚಾರ. ಆದರೆ ಉಪ್ಪಳದಿಂದ ಕಾಸರಗೋಡಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ಸಾಮಾನ್ಯ ಕ್ರೈಸ್ತನಿಗೆ ಅದು ಬರುವುದು ಬೇರೆ ವೇಷದಲ್ಲಿ. ಬಸ್ ಸ್ಟ್ಯಾಂಡಿನ ಲಾಟರಿ ಟಿಕೆಟ್, ರಾತ್ರಿ ಹನ್ನೊಂದು ಕಳೆದರೂ ಕೈಯಿಂದ ಕೆಳಗಿಳಿಯದ ಫೋನ್, ಮದುವೆ ಮನೆಯ ಹಿತ್ತಿಲಲ್ಲಿ ತೆರೆಯುವ ಬಾಟಲಿ, ಬಲಿಪೂಜೆ ಮುಗಿಸಿ ಇಗರ್ಜಿ (ಚರ್ಚ್) ಅಂಗಳದಲ್ಲಿ ನಿಂತು ಇನ್ನೊಬ್ಬರ ಮನೆ ವಿಷಯ ತೆಗೆಯುವ ಹದಿನೈದು ನಿಮಿಷ. ಎಲ್ಲವೂ ಸಣ್ಣದು. ಎಲ್ಲವೂ ದಿನಾ ಇರುವಂಥದ್ದು.

ಇದನ್ನು ಬೇಳ, ಕಯ್ಯಾರು, ವರ್ಕಾಡಿ, ಮಂಜೇಶ್ವರದ ಕಥೋಲಿಕರಿಗೂ ಬರೆಯುತ್ತಿದ್ದೇನೆ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರಿಗೂ, ಮನೆ ಮನೆಯ ಪ್ರಾರ್ಥನಾ ಕೂಟಕ್ಕೆ ಹೋಗುವವರಿಗೂ. ಆಚರಣೆಯಲ್ಲಿ ವ್ಯತ್ಯಾಸ ಇರಬಹುದು, ಶೋಧನೆ ಮಾತ್ರ ಯಾರನ್ನೂ ಸಭೆ ಕೇಳಿ ಹಿಡಿಯುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆಸೆ ಎದುರಿಗೆ ಬಂದು ನಿಂತಾಗ ಮನಸ್ಸು ಗಟ್ಟಿ ಮಾಡಿಕೊಂಡು ಗೆಲ್ಲುತ್ತೇನೆ ಅನ್ನುವ ಲೆಕ್ಕಾಚಾರವೇ ಸರಿಯಿಲ್ಲ. ಹಂದಿ ತೋಟಕ್ಕೆ ನುಗ್ಗಿದ ಮೇಲೆ ಬೇಲಿ ಕಟ್ಟಲು ಕೂತ ಹಾಗೆ ಅದು. ಕೆಲಸ ಆಗಬೇಕಾದ್ದು ಅದಕ್ಕಿಂತ ಎಷ್ಟೋ ಗಂಟೆ ಮೊದಲು, ಮನಸ್ಸು ತಣ್ಣಗಿರುವಾಗ. ಆ ಹೊತ್ತು ತಪ್ಪಿಹೋದರೆ ಉಳಿಯುವ ದಾರಿ ಒಂದೇ: ಓಡುವುದು. ಬೈಬಲ್ ಕೂಡ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ.

ಶುರುವಿಗೆ ಮೊದಲು: ಆಸೆ ಬಂದದ್ದೇ ಪಾಪ ಅಲ್ಲ

ಇದು ಸ್ಪಷ್ಟ ಆಗದಿದ್ದರೆ ಮುಂದಿನ ಯಾವ ಹೆಜ್ಜೆಯೂ ಪ್ರಯೋಜನಕ್ಕೆ ಬರುವುದಿಲ್ಲ. ಕೆಟ್ಟ ಯೋಚನೆ ತಲೆಗೆ ಬಂದ ಕೂಡಲೇ 'ಅಯ್ಯೋ, ಪಾಪ ಮಾಡಿಬಿಟ್ಟೆ' ಅಂತ ಕುಗ್ಗುವವರು ಎಷ್ಟೋ ಮಂದಿ ಇದ್ದಾರೆ. ಕುಗ್ಗಿದ ಮೇಲೆ 'ಹೇಗೂ ಆಯಿತಲ್ಲ' ಅಂತ ಮುಂದುವರಿಯುವುದು ಸುಲಭ. ಇಬ್ರಿಯರಿಗೆ ಬರೆದ ಪತ್ರ (4:15) ನೋಡಿ. ಯೇಸು ಎಲ್ಲ ವಿಷಯಗಳಲ್ಲೂ ನಮ್ಮ ಹಾಗೆಯೇ ಶೋಧನೆಗೆ ಒಳಗಾದ, ಪಾಪ ಮಾತ್ರ ಮಾಡಲಿಲ್ಲ ಅನ್ನುತ್ತದೆ. ಅಂದರೆ ಶೋಧನೆ ಬೇರೆ, ಪಾಪ ಬೇರೆ. ಎರಡರ ನಡುವೆ ಜಾಗ ಇದೆ. ಆ ಜಾಗದಲ್ಲೇ ನಮ್ಮ ಕೆಲಸ.

ಆ ಜಾಗ ಎಷ್ಟು ಉದ್ದ ಅನ್ನುವುದನ್ನು ಯಾಕೋಬ 1:14-15 ತೋರಿಸುತ್ತದೆ. ಮೊದಲು ಸ್ವಂತ ಆಸೆ ಎಳೆಯುತ್ತದೆ, ಮರುಳು ಮಾಡುತ್ತದೆ. ಆಸೆ ಬಸುರಾಗಿ ಪಾಪವನ್ನು ಹೆರುತ್ತದೆ. ಪಾಪ ಬಲಿತು ಮರಣವನ್ನು ಹೆರುತ್ತದೆ. ಬಸುರು ಅಂದರೆ ಸಮಯ ಹಿಡಿಯುವ ಸಂಗತಿ ಅಲ್ವಾ. ಒಂದೇ ಕ್ಷಣದಲ್ಲಿ ಯಾರೂ ಬೀಳುವುದಿಲ್ಲ. ಬಿದ್ದದ್ದು ಗೊತ್ತಾಗುವುದು ಮಾತ್ರ ಒಂದೇ ಕ್ಷಣದಲ್ಲಿ. ಹಿಂದಿನ ವಚನವೂ (1:13) ಮುಖ್ಯ: ದೇವರು ಯಾರನ್ನೂ ಪಾಪಕ್ಕೆ ಪ್ರೇರಿಸುವುದಿಲ್ಲ. 'ದೇವರೇ ಹೀಗೆ ಪರೀಕ್ಷೆ ಮಾಡ್ತಾ ಇದ್ದಾನೆ' ಅಂತ ಹೇಳಿ ಜಾರಿಕೊಳ್ಳುವ ಬಾಗಿಲು ಅಲ್ಲಿಗೇ ಮುಚ್ಚಿತು.

ಹೆಜ್ಜೆ 1: ಒಂದು ವಾರ ಸುಮ್ನೆ ಬರೆದಿಡಿ

ಇನ್ನೂ ಏನನ್ನೂ ಬಿಡಬೇಡಿ. ಪ್ರತಿಜ್ಞೆ ಬೇಡವೇ ಬೇಡ. ಒಂದು ಸಣ್ಣ ನೋಟ್ ಬುಕ್ ತೆಗೆದುಕೊಳ್ಳಿ. ಆಸೆ ಬಂದಾಗೆಲ್ಲ ನಾಲ್ಕು ವಿಷಯ ಬರೆಯಿರಿ: ಗಂಟೆ ಎಷ್ಟು, ಎಲ್ಲಿದ್ದಿರಿ, ಜೊತೆಗೆ ಯಾರಿದ್ದರು, ಮೈ ಮನಸ್ಸು ಹೇಗಿತ್ತು. ಬಿದ್ದಿರೋ ಬಿಟ್ಟಿರೋ ಅನ್ನುವುದು ಈ ವಾರ ಮುಖ್ಯವಲ್ಲ.

ಯಾಕೆ ಇಷ್ಟು ವಿವರ? ದಾವೀದನ ಕಥೆ ನೋಡಿ, 2 ಸಮುವೇಲ 11. ಊರೀಯನ ಹೆಂಡತಿ ಬತ್ಷೆಬೆ ಸ್ನಾನ ಮಾಡುವುದನ್ನು ಅರಸ ದಾವೀದ ಕಂಡಲ್ಲಿಂದ ಎಲ್ಲರೂ ಕಥೆ ಶುರು ಮಾಡುತ್ತಾರೆ. ಗ್ರಂಥ ಅಲ್ಲಿಂದ ಶುರು ಮಾಡುವುದಿಲ್ಲ. ಅರಸರು ಯುದ್ಧಕ್ಕೆ ಹೊರಡುವ ಕಾಲ ಅದು, ದಾವೀದ ಸೇನಾಪತಿ ಯೋವಾಬನನ್ನು ಕಳಿಸಿ ತಾನು ಯೆರೂಸಲೇಮಿನಲ್ಲೇ ಉಳಿದ ಅನ್ನುತ್ತದೆ ಮೊದಲನೇ ವಚನ. ಆಮೇಲೆ ಒಂದು ಸಾಯಂಕಾಲ ಮಂಚದಿಂದ ಎದ್ದ, ಮಾಳಿಗೆ ಮೇಲೆ ತಿರುಗಾಡಿದ. ಸಮಯ, ಜಾಗ, ಕೆಲಸ ಇಲ್ಲದ ಕೈ. ಎಲ್ಲ ಬರೆದಿದೆ. ಊರೀಯನ ಕೊಲೆವರೆಗೆ ಹೋದ ಕಥೆಯ ಬೇರು ಇರುವುದು ಮಾಡಬೇಕಾದ ಕೆಲಸ ಬಿಟ್ಟು ಮನೆಯಲ್ಲಿ ಕೂತದ್ದರಲ್ಲಿ.

ಯೇಸುವಿಗೆ ಬಂದ ಮೊದಲ ಶೋಧನೆಯೂ ಹಾಗೆಯೇ, ಹೊತ್ತು ನೋಡಿಕೊಂಡು ಬಂದದ್ದು. ಅಡವಿಯಲ್ಲಿ 40 ಹಗಲು 40 ರಾತ್ರಿ ಉಪವಾಸ. ಹಸಿವಾದ ಮೇಲೆಯೇ ಸೈತಾನನ 'ಈ ಕಲ್ಲು ರೊಟ್ಟಿಯಾಗಲಿ ಅಂತ ಹೇಳು' ಅನ್ನುವ ಮಾತು.

ನಿಮ್ಮ ಪುಸ್ತಕದ ಒಂದು ಪುಟ ಹೀಗಿರಬಹುದು. ಸೋಮವಾರ, ಸಂಜೆ 6.10, ಬದಿಯಡ್ಕ ಪೇಟೆ, ಒಬ್ಬನೇ, ಮಧ್ಯಾಹ್ನ ಸರಿಯಾಗಿ ಊಟ ಇಲ್ಲ, ಧಣಿಗಳು ಕೂಲಿ ನಾಳೆ ಅಂದಿದ್ದಾರೆ. ಬುಧವಾರ, ರಾತ್ರಿ 11.40, ಹಾಸಿಗೆ, ಹೆಂಡತಿ ಜೊತೆ ಮಾತು ಬಿಟ್ಟಿದೆ. ಶುಕ್ರವಾರ, ಸಂಜೆ 6.20, ಮತ್ತೆ ಬದಿಯಡ್ಕ ಪೇಟೆ. ವಾರದ ಕೊನೆಗೆ ಓದಿದರೆ ಗೊತ್ತಾಗುತ್ತದೆ, ಸೈತಾನ ಏನೂ ಹೊಸದು ಮಾಡುವುದಿಲ್ಲ. ಅದೇ ಗಂಟೆ, ಅದೇ ತಿರುವು, ಅದೇ ಹಸಿವು ಇಲ್ಲವೇ ಅದೇ ಸಿಟ್ಟು. 'ನನಗೆ ಇಡೀ ದಿನ ಶೋಧನೆ' ಅಂತ ನಾವು ಹೇಳುವುದು ಸಾಮಾನ್ಯವಾಗಿ ಸುಳ್ಳು. ದಿನದಲ್ಲಿ ಅರ್ಧ ಗಂಟೆಯ ಒಂದೋ ಎರಡೋ ಕಿಂಡಿ ಇರುತ್ತದೆ, ಅಷ್ಟೇ.

ಪುಸ್ತಕ ಬೇರೆಯವರ ಕೈಗೆ ಸಿಗುವ ಭಯ ಇದ್ದರೆ ಪಾಪದ ಹೆಸರು ಬರೆಯಬೇಡಿ. ಗಂಟೆ, ಜಾಗ ಸಾಕು.

ಹೆಜ್ಜೆ 2: ದಾರಿ ಬದಲಿಸಿ

ಈಗ ನಿಮಗೆ ಕಿಂಡಿ ಗೊತ್ತು. ಅದನ್ನು ಮುಚ್ಚಿ. ಇದು ಭಕ್ತಿಯ ಕೆಲಸದ ಹಾಗೆ ಕಾಣುವುದಿಲ್ಲ, ಬಡಗಿ ಕೆಲಸದ ಹಾಗೆ ಕಾಣುತ್ತದೆ. ಹಾಗಾಗಿಯೇ ಜನ ಇದನ್ನು ಬಿಟ್ಟು ನೇರ ಪ್ರಾರ್ಥನೆಗೆ ಹಾರುತ್ತಾರೆ. ಆದರೆ ಜ್ಞಾನೋಕ್ತಿ 4:15 ಕೆಟ್ಟ ದಾರಿಯ ಬಗ್ಗೆ ಹೇಳುವುದು ಪೂರ್ತಿ ಕಾಲಿನ ಭಾಷೆಯಲ್ಲಿ: ಅದರಿಂದ ದೂರ ಇರು, ಅದರಲ್ಲಿ ನಡೆಯಬೇಡ, ಓರೆಯಾಗಿ ಮುಂದೆ ಹೋಗು. 'ಧೈರ್ಯವಾಗಿ ಅದೇ ದಾರಿಯಲ್ಲಿ ನಡೆದು ಗೆದ್ದು ಬಾ' ಅಂತ ಎಲ್ಲೂ ಹೇಳಿಲ್ಲ.

ಲಾಟರಿಯನ್ನೇ ತೆಗೆದುಕೊಳ್ಳಿ. ಕೇರಳ ಸರ್ಕಾರ ಲಾಟರಿ ಇಲಾಖೆ ಶುರು ಮಾಡಿದ್ದು 1967ರಲ್ಲಿ, ಮೊದಲ ಡ್ರಾ 1968ರ ಜನವರಿ 26ಕ್ಕೆ. ಆಗ ಟಿಕೆಟ್ ಒಂದು ರೂಪಾಯಿ, ಮೊದಲ ಬಹುಮಾನ 50,000. ಈಗ ದಿನಾ ಮಧ್ಯಾಹ್ನ 3 ಗಂಟೆಗೆ ಡ್ರಾ. ಕರ್ನಾಟಕ 2007ರಲ್ಲಿ ಲಾಟರಿ ನಿಷೇಧಿಸಿದ್ದರಿಂದ ಗಡಿಯ ತಲಪಾಡಿ ಆಚೆಯವರೂ ಈಚೆ ಬಂದು ಕೊಳ್ಳುತ್ತಾರೆ. ಇದು ಪಾಪವಾ ಅಂತ ಕೇಳಿದರೆ ಕಥೋಲಿಕ ಸಭೆಯ ಬೋಧನೆ ಅಷ್ಟು ನೇರ ಇಲ್ಲ. ಅದೃಷ್ಟದ ಆಟ ತನ್ನಷ್ಟಕ್ಕೆ ನ್ಯಾಯಕ್ಕೆ ವಿರುದ್ಧ ಅಲ್ಲ, ಆದರೆ ತನ್ನ ಮತ್ತು ಮನೆಯವರ ಅಗತ್ಯಕ್ಕೆ ಬೇಕಾದ ಹಣವನ್ನು ಅದು ತಿಂದರೆ ಒಪ್ಪುವಂಥದ್ದಲ್ಲ ಅನ್ನುತ್ತದೆ. ಹೆಚ್ಚಿನ ಪ್ರೊಟೆಸ್ಟಂಟ್ ಸಭೆಗಳಲ್ಲಿ ಪೂರ್ತಿ ಬೇಡ ಅನ್ನುವವರೇ ಜಾಸ್ತಿ. ನಾನು ನೋಡುವುದು ಒಂದೇ ಗುರುತು. ಟಿಕೆಟ್ ಕೊಂಡದ್ದನ್ನು ಮನೆಯಲ್ಲಿ ಮುಚ್ಚಿಡುತ್ತೀರಾ? ಹೌದಾದರೆ ಉತ್ತರ ನಿಮಗೇ ಗೊತ್ತಿದೆ.

ದಾರಿ ಬದಲಿಸುವುದು ಅಂದರೆ: ಒಂದು ಸ್ಟಾಪ್ ಮೊದಲು ಇಳಿಯುವುದು ಅಥವಾ ಒಂದು ಸ್ಟಾಪ್ ಮುಂದೆ ಹೋಗಿ ಇಳಿಯುವುದು. ಕೂಲಿ ಸಿಕ್ಕಿದ ದಿನ ಪೇಟೆಗೆ ಹೋಗುವ ಮೊದಲೇ ಹೆಂಡತಿಗೆ ಗೂಗಲ್ ಪೇ ಮಾಡಿ ಕಿಸೆಯಲ್ಲಿ ಬಸ್ ಚಾರ್ಜ್ ಮಾತ್ರ ಇಟ್ಟುಕೊಳ್ಳುವುದು. ಬ್ಯಾಂಕ್ ಆ್ಯಪಿನಲ್ಲಿ ಯುಪಿಐ ಮಿತಿ ಇಳಿಸಲು ಆಗುತ್ತದೆ, ಅದನ್ನು ಇಳಿಸುವುದು. ಸಂಜೆ ಹಸಿವಿನ ಹೊತ್ತಿಗೆ ಬೀಳುವವರು ಐದು ಗಂಟೆಗೆ ಏನಾದರೂ ತಿನ್ನುವುದು. ನಗಬೇಡಿ. ಎಲೀಯ ಪ್ರವಾದಿ 'ಸಾಕು, ನನ್ನ ಪ್ರಾಣ ತೆಗೆ' ಅಂತ ಮರದ ಕೆಳಗೆ ಮಲಗಿದಾಗ ದೇವದೂತ ಮೊದಲು ಉಪದೇಶ ಮಾಡಲಿಲ್ಲ. ಎಬ್ಬಿಸಿ ಊಟ ಕೊಟ್ಟ, ಅವನು ಮತ್ತೆ ಮಲಗಿದ ಮೇಲೆ ಮತ್ತೆ ಎಬ್ಬಿಸಿ ಊಟ ಕೊಟ್ಟ (1 ಅರಸು 19).

ಫೋನಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಹುಡುಗರಿಂದ ಹಿಡಿದು ಅಜ್ಜಂದಿರವರೆಗೆ ಈಗ ಇದೇ. ಚಾರ್ಜರ್ ಮಲಗುವ ಕೋಣೆಯಿಂದ ತೆಗೆಯಿರಿ. ಅಡಿಗೆ ಮನೆಯಲ್ಲೋ ಚಾವಡಿಯಲ್ಲೋ ಇಡಿ. ಅಲಾರಾಂ ಬೇಕು ಅನ್ನುವ ನೆಪಕ್ಕೆ ಒಂದು ಅಗ್ಗದ ಗಡಿಯಾರ ತನ್ನಿ. ಅಶ್ಲೀಲ ವಿಡಿಯೋ ನೋಡುವ ಚಟ ಇದ್ದರೆ ಬ್ಲಾಕ್ ಮಾಡುವ ಸೆಟ್ಟಿಂಗ್ ಹಾಕಿ, ಅದರ ಪಾಸ್‌ವರ್ಡ್ ಇನ್ನೊಬ್ಬರ ಕೈಯಲ್ಲಿರಲಿ. ನಿಮ್ಮ ಕೈಯಲ್ಲೇ ಇದ್ದರೆ ಅದು ಬೀಗವೇ ಅಲ್ಲ. ರೀಲ್ಸ್ ನೋಡುವ ಆ್ಯಪ್ ಫೋನಿನಿಂದ ತೆಗೆದು, ಬೇಕಾದರೆ ಕಂಪ್ಯೂಟರಿನಲ್ಲಿ ನೋಡಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು 2025ರಲ್ಲಿ ಬಂದಿದೆ. ಆದರೂ ಲಿಂಕ್ ಕಳಿಸುವ ಗುಂಪುಗಳು ಇದ್ದೇ ಇರುತ್ತವೆ. ಅಂಥ ಗುಂಪಿನಿಂದ ಹೊರಗೆ ಬನ್ನಿ, ಯಾರು ಏನು ಅಂದುಕೊಳ್ಳುತ್ತಾರೋ ಅಂತ ನೋಡಬೇಡಿ.

'ಬಲಗಣ್ಣು ನಿನ್ನನ್ನು ಪಾಪಕ್ಕೆ ಎಳೆದರೆ ಕಿತ್ತು ಬಿಸಾಡು' ಅಂತ ಯೇಸು ಹೇಳಿದ (ಮತ್ತಾಯ 5:29). ಕಣ್ಣು ಕೀಳಬೇಕು ಅಂತ ಸಭೆ ಯಾವತ್ತೂ ಅರ್ಥ ಮಾಡಿಲ್ಲ. ಆದರೆ ಆ ಮಾತಿನ ಎದುರು ಒಂದು ಆ್ಯಪ್ ಡಿಲೀಟ್ ಮಾಡುವುದು ಎಷ್ಟು ಸಣ್ಣ ವಿಷಯ ನೋಡಿ.

ಹೆಜ್ಜೆ 3: ಉತ್ತರ ಮೊದಲೇ ಬಾಯಿಪಾಠ ಇರಲಿ

ಅಡವಿಯಲ್ಲಿ ಯೇಸು ಸೈತಾನನಿಗೆ ಮೂರು ಸಲ ಉತ್ತರ ಕೊಟ್ಟ. ಮೂರೂ ಸಲ 'ಎಂದು ಬರೆದಿದೆ' ಅಂತ ಗ್ರಂಥವನ್ನೇ ಹೇಳಿದ. ಮೂರೂ ಧರ್ಮೋಪದೇಶಕಾಂಡದ ಮಾತುಗಳು: 8:3, 6:16, 6:13. ಚರ್ಚೆ ಇಲ್ಲ, ವಿವರಣೆ ಇಲ್ಲ. ಹಸಿದ ಹೊಟ್ಟೆಯಲ್ಲಿ ಹೊಸ ಉತ್ತರ ಹುಡುಕಲು ಹೋಗಲಿಲ್ಲ, ಮೊದಲೇ ಒಳಗಿದ್ದದ್ದು ಹೊರಗೆ ಬಂತು.

ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಎವಾಗ್ರಿಯಸ್ ಅನ್ನುವ ಸನ್ಯಾಸಿ ಇದನ್ನೇ ಒಂದು ಪದ್ಧತಿ ಮಾಡಿದ. ಮನುಷ್ಯನನ್ನು ಕಾಡುವ ಯೋಚನೆಗಳನ್ನು ಎಂಟು ಗುಂಪು ಮಾಡಿದ: ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಜಡತ್ವ, ಹೊಗಳಿಕೆಯ ಆಸೆ, ಗರ್ವ. ಒಂದೊಂದು ಯೋಚನೆಗೂ ತಿರುಗಿ ಹೇಳಲು ಗ್ರಂಥದ ವಾಕ್ಯಗಳನ್ನು ಆರಿಸಿ ಪಟ್ಟಿ ಮಾಡಿಟ್ಟ. ಮುಂದೆ ಸಭೆಯಲ್ಲಿ ಬಂದ ಏಳು ಮೂಲ ಪಾಪಗಳ ಪಟ್ಟಿಯ ಬೇರು ಇದೇ ಎಂಟರಲ್ಲಿದೆ.

ನಿಮಗೆ ಎಂಟು ಬೇಡ. ಹೆಜ್ಜೆ 1ರಲ್ಲಿ ಸಿಕ್ಕಿದ ಒಂದಕ್ಕೆ ಒಂದೇ ವಾಕ್ಯ. ಹಣದಾಸೆಗೆ ಇಬ್ರಿಯ 13:5, ಇದ್ದದ್ದರಲ್ಲಿ ತೃಪ್ತಿ ಇರಲಿ ಅನ್ನುವ ಮಾತು. ಚಾಡಿಗೆ ಕೀರ್ತನೆ 141:3, ನನ್ನ ಬಾಯಿಗೆ ಕಾವಲು ಇಡು ಅನ್ನುವ ಪ್ರಾರ್ಥನೆ. ಸಿಟ್ಟಿಗೆ ಯಾಕೋಬ 1:19-20. ಅಡಿಕೆ ತೂಗುವಾಗ, ಒಳ್ಳೆ ಅಡಿಕೆಗೆ ಹಾಳು ಅಡಿಕೆ ಬೆರೆಸುವಾಗ ಕೈ ತಡೆಯಬೇಕಾದರೆ ಜ್ಞಾನೋಕ್ತಿ 11:1, ಮೋಸದ ತಕ್ಕಡಿಯ ವಚನ. ಕುಡಿತಕ್ಕೆ ಜ್ಞಾನೋಕ್ತಿ 23:29-35 ಪೂರ್ತಿ ಓದಿ. ಕೆಂಪು ಕಣ್ಣು, ಕಾರಣವಿಲ್ಲದ ಗಾಯ, ಹೊಡೆದದ್ದು ಗೊತ್ತೇ ಆಗಲಿಲ್ಲ ಅನ್ನುವುದು, ಎದ್ದ ಕೂಡಲೇ ಮತ್ತೆ ಹುಡುಕಿಕೊಂಡು ಹೋಗುತ್ತೇನೆ ಅನ್ನುವುದು. ಕುಡುಕರನ್ನು ಹತ್ತಿರದಿಂದ ಕಂಡವರೇ ಬರೆದದ್ದು ಅಂತ ಓದಿದ ಕೂಡಲೇ ಗೊತ್ತಾಗುತ್ತದೆ.

ಯಾವ ಭಾಷೆಯಲ್ಲಿ ಕಲಿಯಬೇಕು? ನಮ್ಮ ಊರಲ್ಲಿ ಇದು ನಿಜವಾದ ಪ್ರಶ್ನೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ತೋಟದಲ್ಲಿ ತುಳು. ನನ್ನ ಸಲಹೆ: ಸಿಟ್ಟು ಬಂದಾಗ ಯಾವ ಭಾಷೆಯಲ್ಲಿ ಬೈಯುತ್ತೀರೋ ಅದೇ ಭಾಷೆಯಲ್ಲಿ ವಾಕ್ಯ ಕಲಿಯಿರಿ. ಒತ್ತಡದಲ್ಲಿ ಬಾಯಿಗೆ ಬರುವುದು ಆ ಭಾಷೆಯೇ.

ಒಂದು ಎಚ್ಚರಿಕೆ. ಸೈತಾನನಿಗೂ ವಾಕ್ಯ ಬರುತ್ತದೆ. ದೇವಾಲಯದ ತುದಿಯಲ್ಲಿ ಯೇಸುವಿಗೆ ಅವನು ಹೇಳಿದ್ದು 91ನೇ ಕೀರ್ತನೆ. 'ದೇವರು ಕರುಣಾಮಯಿ, ಕ್ಷಮಿಸ್ತಾನೆ, ಇದೊಂದು ಸಲ' ಅನ್ನುವುದು ಅದೇ ಜಾತಿಯ ಮಾತು. ವಾಕ್ಯ ನಿಜ, ಅದನ್ನು ಹೇಳಿದ ಹೊತ್ತು ಸುಳ್ಳು.

ಹೆಜ್ಜೆ 4: ಆ ಹೊತ್ತು ಬಂದೇ ಬಿಟ್ಟಿತು, ಈಗ?

ನಿಲ್ಲಬೇಕಾ ಓಡಬೇಕಾ? ಬೈಬಲಿನಲ್ಲಿ ಎರಡೂ ಇವೆ, ಆದರೆ ಬೇರೆ ಬೇರೆ ಜಾಗದಲ್ಲಿ. ಪೌಲ 'ಓಡಿಹೋಗಿ' ಅನ್ನುವುದು ಕಾಮದಿಂದ (1 ಕೊರಿಂಥ 6:18), ವಿಗ್ರಹಾರಾಧನೆಯಿಂದ (10:14), ಹಣದ ಆಸೆಯಿಂದ (1 ತಿಮೊಥೆ 6:11), ಯೌವನದ ಆಸೆಗಳಿಂದ (2 ತಿಮೊಥೆ 2:22). 'ಎದುರಿಸಿ ನಿಲ್ಲಿ' ಅನ್ನುವ ಮಾತು ಬರುವುದು ಸೈತಾನನ ಬಗ್ಗೆ (ಯಾಕೋಬ 4:7, 1 ಪೇತ್ರ 5:9). ಪೇತ್ರನ ಪತ್ರದಲ್ಲಂತೂ ಸುತ್ತ ಇರುವುದು ಕಷ್ಟ, ಹಿಂಸೆಯ ಮಾತು. ನಾನು ಇದನ್ನು ಹೀಗೆ ಓದುತ್ತೇನೆ: ಮೈಯಲ್ಲಿ ಬಿಸಿ ಏರುವ ಆಸೆಯಾದರೆ ಓಡಿ. ಹೆದರಿಕೆ, ಒತ್ತಡ, 'ಸುಳ್ಳು ಸಹಿ ಹಾಕದಿದ್ದರೆ ಕೆಲಸ ಹೋಗುತ್ತದೆ' ಅನ್ನುವಂಥದ್ದಾದರೆ ನಿಲ್ಲಿ. ಜನ ಸಾಮಾನ್ಯವಾಗಿ ಇದನ್ನು ತಿರುವುಮುರುವು ಮಾಡುತ್ತಾರೆ. ಬಾಟಲಿ ಎದುರು ಧೈರ್ಯ ತೋರಿಸಲು ಕೂರುತ್ತಾರೆ, ಅನ್ಯಾಯದ ಎದುರು ಓಡುತ್ತಾರೆ.

ಯೋಸೇಫ ತನ್ನ ಧಣಿ ಪೋಟೀಫರನ ಮನೆಯಲ್ಲಿ ಮಾಡಿದ್ದು ಓಟ (ಆದಿಕಾಂಡ 39). ಪೋಟೀಫರನ ಹೆಂಡತಿ ದಿನಾ ಕರೆಯುತ್ತಿದ್ದಳು, ಅವನು ಹತ್ತಿರ ಹೋಗುತ್ತಿರಲಿಲ್ಲ. ಕೊನೆಗೆ ಬಟ್ಟೆ ಹಿಡಿದಾಗ ಬಟ್ಟೆಯನ್ನು ಅವಳ ಕೈಯಲ್ಲೇ ಬಿಟ್ಟು ಓಡಿದ. ಮರ್ಯಾದೆ ಹೋಯಿತು, ಕೆಲಸ ಹೋಯಿತು, ಜೈಲೂ ಸಿಕ್ಕಿತು. ಓಡಿದರೆ ನಷ್ಟ ಇಲ್ಲ ಅಂತ ನಾನು ಹೇಳುವುದಿಲ್ಲ.

ಆ ಹೊತ್ತಿಗೆ ಮಾಡಬೇಕಾದ್ದು ಇಷ್ಟು. ಮೊದಲು ಕಾಲು ಅಲುಗಲಿ, ಎದ್ದು ಇನ್ನೊಂದು ಕೋಣೆಗೆ, ಅಂಗಳಕ್ಕೆ, ಬಾವಿಕಟ್ಟೆಗೆ ಹೋಗಿ. ನಡೆಯುತ್ತಲೇ ವಾಕ್ಯ ಗಟ್ಟಿಯಾಗಿ ಹೇಳಿ, ಮನಸ್ಸಲ್ಲಿ ಅಲ್ಲ, ಬಾಯಲ್ಲಿ. ಪ್ರಾರ್ಥನೆ ಉದ್ದ ಬೇಡ. ನೀರಲ್ಲಿ ಮುಳುಗುವಾಗ ಯೇಸುವಿನ ಶಿಷ್ಯ ಪೇತ್ರ ಹೇಳಿದ್ದು 'ಕರ್ತನೇ, ನನ್ನನ್ನು ಕಾಪಾಡು' ಅಷ್ಟೇ. ಆಮೇಲೆ ಒಂದು ಫೋನ್ ಕಾಲ್, ಯಾರಿಗೆ ಅನ್ನುವುದು ಮುಂದಿನ ಹೆಜ್ಜೆಯಲ್ಲಿದೆ. 1 ಕೊರಿಂಥ 10:13ರಲ್ಲಿ ದೇವರು ಶೋಧನೆಯ ಜೊತೆಗೇ ತಪ್ಪಿಸಿಕೊಳ್ಳುವ ದಾರಿಯನ್ನೂ ಕೊಡುತ್ತಾನೆ ಅಂತ ಇದೆ. ಎಷ್ಟೋ ಸಲ ಆ ದಾರಿ ಅಂದರೆ ಮನೆಯ ಬಾಗಿಲೇ.

ಮಾಡಬಾರದ್ದು ಒಂದಿದೆ: ಮಾತುಕತೆ. ಮೊದಲ ಹೆಂಗಸು ಹವ್ವ ಸೋತದ್ದು ಹಣ್ಣು ಕಂಡಾಗ ಅಲ್ಲ, ಹಾವಿನ ಪ್ರಶ್ನೆಗೆ ಉತ್ತರ ಕೊಡಲು ನಿಂತಾಗ. 'ತೋಟದ ಯಾವ ಮರದ ಹಣ್ಣನ್ನೂ ತಿನ್ನಬಾರದು ಅಂದಿದ್ದಾನಂತೆ ದೇವರು, ಹೌದಾ?' ಅಂತ ಸುಮ್ನೆ ಒಂದು ಪ್ರಶ್ನೆ. ತಿದ್ದಲು ಹೋದಳು, ತಿದ್ದುತ್ತಾ ತಿದ್ದುತ್ತಾ ಕೈ ಚಾಚಿದಳು.

ಮದುವೆಯ ಹಿಂದಿನ ದಿನ ರೋಸ್ (ತೆಂಗಿನ ಹಾಲು ಹಚ್ಚುವ ಶಾಸ್ತ್ರ), ಎಲ್ಲರೂ ಸೇರಿದ್ದಾರೆ. ಕುಡಿಯುವುದೇ ಪಾಪವಾ ಅನ್ನುವುದರಲ್ಲಿ ಸಭೆಗಳಿಗೆ ಒಮ್ಮತ ಇಲ್ಲ, ಆ ಚರ್ಚೆ ಇಲ್ಲಿ ಬೇಡ. ನಿಮಗೆ ಒಂದು ಗ್ಲಾಸಿಗೆ ನಿಲ್ಲುವುದಿಲ್ಲ ಅಂತ ನಿಮಗೆ ಗೊತ್ತಿದ್ದರೆ ಸಾಕು. ಯಾರೋ ಹೇಳುತ್ತಾರೆ, 'ಏನು ಭಾವಾ, ಇವತ್ತು ಒಂದಾದರೂ ಬೇಡವಾ?' ನೀವು 'ಬೈಕಿದೆ ಮಾರಾಯ' ಅಂದಿರಿ ಅಂತ ಇಟ್ಟುಕೊಳ್ಳಿ. 'ಬೈಕ್ ಇಲ್ಲೇ ಇರಲಿ, ನಾನು ಬಿಡ್ತೇನೆ' ಅನ್ನುತ್ತಾರೆ. 'ಗ್ಯಾಸ್ಟ್ರಿಕ್' ಅಂದರೆ ಸೋಡಾ ಬೆರೆಸಿ ಕೊಡುತ್ತಾರೆ. ಪ್ರತಿ ನೆಪಕ್ಕೂ ಅವರ ಹತ್ತಿರ ಪರಿಹಾರ ಇದೆ. 'ಇಲ್ಲ ಭಾವಾ, ನಾನು ಬಿಟ್ಟಿದ್ದೇನೆ' ಅನ್ನುವುದಕ್ಕೆ ಮಾತ್ರ ಪರಿಹಾರ ಇಲ್ಲ. ಸ್ವಲ್ಪ ಹೊತ್ತು ತಮಾಷೆ ಮಾಡುತ್ತಾರೆ, ಮಾಡಲಿ. ಕೈಯಲ್ಲಿ ಮೊದಲೇ ಒಂದು ಗ್ಲಾಸ್ ಜ್ಯೂಸ್ ಹಿಡಿದುಕೊಂಡಿರಿ, ಖಾಲಿ ಕೈ ಕಂಡರೆ ತುಂಬಿಸುವವರು ಜಾಸ್ತಿ. ಊಟ ಆದ ಕೂಡಲೇ ಹೊರಡಿ.

ಹೆಜ್ಜೆ 5: ಒಬ್ಬರಿಗೆ ಹೇಳಿ

ಇದು ಎಲ್ಲಕ್ಕಿಂತ ಕಷ್ಟ. ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಕುಂಬಳೆ ತಲುಪುತ್ತದೆ.

ಆದರೂ ಹೇಳಬೇಕು. ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ 16ನೇ ಶತಮಾನದಲ್ಲೇ ಕಾರಣ ಬರೆದಿಟ್ಟಿದ್ದಾರೆ. ಒಳ್ಳೆ ಮನೆಯ ಹುಡುಗಿಯನ್ನು ಮರುಳು ಮಾಡಲು ಬಂದ ಗಂಡಸಿಗೆ ತನ್ನ ಮಾತು ಅವಳ ಅಪ್ಪನ ಕಿವಿಗೆ ಬೀಳಬಾರದು ಅನ್ನುವುದೇ ಚಿಂತೆ, ಸೈತಾನನೂ ಹಾಗೆ ಗುಟ್ಟನ್ನೇ ನಂಬಿದ್ದಾನೆ ಅನ್ನುತ್ತಾರೆ ಅವರು. ಗುಟ್ಟು ಹೋದರೆ ಅವನ ಬಲವೂ ಹೋಗುತ್ತದೆ. ಯಾಕೋಬ 5:16 ಕೂಡ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿ, ಒಬ್ಬರಿಗೊಬ್ಬರು ಪ್ರಾರ್ಥಿಸಿ ಅನ್ನುತ್ತದೆ.

ಕಥೋಲಿಕರಿಗೆ ಪಾಪನಿವೇದನೆ ಇದೆ, ಅಲ್ಲಿ ಹೇಳಿದ್ದನ್ನು ಗುರುಗಳು ಜೀವ ಹೋದರೂ ಹೊರಗೆ ಹೇಳುವಂತಿಲ್ಲ. ನಿಮ್ಮ ಇಗರ್ಜಿಯ ಫಾದರ್ ಹತ್ತಿರ ನಾಚಿಕೆ ಆದರೆ ಪಕ್ಕದ ಊರಿಗೆ ಹೋಗಿ, ಅದರಲ್ಲಿ ತಪ್ಪೇನಿಲ್ಲ. ಆದರೆ ವರ್ಷಕ್ಕೊಮ್ಮೆ ಈಸ್ಟರ್ ಮೊದಲು ಹೋಗುವುದರಿಂದ ಈ ಕೆಲಸ ಆಗುವುದಿಲ್ಲ. ತಿಂಗಳಿಗೊಮ್ಮೆ, ಒಬ್ಬರೇ ಗುರುಗಳ ಹತ್ತಿರ, ಅದೇ ವಿಷಯ. ಉಳಿದವರು ಪಾಸ್ಟರ್ ಅಥವಾ ಸಭೆಯ ಒಬ್ಬ ಹಿರಿಯರನ್ನು ಆರಿಸಿ. ಗಂಡಸಿಗೆ ಗಂಡಸು, ಹೆಂಗಸಿಗೆ ಹೆಂಗಸು. ನಿಮ್ಮ ಎದುರು ಇನ್ನೊಬ್ಬರ ಗುಟ್ಟು ಹೇಳುವವರು ಬೇಡ, ನಿಮ್ಮದನ್ನೂ ಹೇಳುತ್ತಾರೆ. 'ಪರವಾಗಿಲ್ಲ, ಎಲ್ಲರೂ ಮಾಡ್ತಾರೆ' ಅನ್ನುವವರೂ ಬೇಡ.

ಏನು ಕೇಳಬೇಕು ಅಂತ ಅವರಿಗೆ ನೀವೇ ಹೇಳಿಕೊಡಿ. 'ಹೇಗಿದ್ದೀಯಾ' ಅಂತ ಕೇಳಿದರೆ 'ಆರಾಮ' ಅನ್ನುತ್ತೇವೆ. 'ಈ ವಾರ ಫೋನ್ ಎಲ್ಲಿ ಚಾರ್ಜಿಗೆ ಇಟ್ಟೆ?' ಅಂತ ಕೇಳಿದರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಹೆಜ್ಜೆ 6: ಖಾಲಿ ಜಾಗ ಖಾಲಿ ಬಿಡಬೇಡಿ

ಮತ್ತಾಯ 12:43-45. ಬಿಟ್ಟುಹೋದ ದುರಾತ್ಮ ತಿರುಗಿ ಬಂದು ನೋಡುತ್ತದೆ. ಮನೆ ಗುಡಿಸಿದೆ, ಅಲಂಕಾರ ಮಾಡಿದೆ, ಆದರೆ ಯಾರೂ ಇಲ್ಲ. ತನಗಿಂತ ಕೆಟ್ಟ ಇನ್ನೂ ಏಳನ್ನು ಕರೆದುಕೊಂಡು ಬರುತ್ತದೆ.

ಸಂಜೆ ಆರರಿಂದ ಏಳು ನಿಮ್ಮ ಕಿಂಡಿಯಾಗಿದ್ದರೆ ಆ ಒಂದು ಗಂಟೆಗೆ ಒಂದು ಹೆಸರು ಬೇಕು. ಮನೆಯಲ್ಲಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಇದ್ದರೆ ಅದರ ಹೊತ್ತನ್ನು ಅಲ್ಲಿಗೆ ತನ್ನಿ. ಕುಟುಂಬ ಪ್ರಾರ್ಥನೆ, ಕೀರ್ತನೆ ಹಾಡುವುದು, ಮಕ್ಕಳ ಜೊತೆ ಪಾಠ, ಗಾಯನ ಮಂಡಳಿಯ ಅಭ್ಯಾಸ, ವಾಲಿಬಾಲ್, ತೋಟಕ್ಕೆ ನೀರು ಬಿಡುವುದು, ಯಾವುದೂ ಆಗುತ್ತದೆ. ಇದರಲ್ಲಿ ಎಲ್ಲವೂ ಪ್ರಾರ್ಥನೆಯೇ ಆಗಬೇಕಿಲ್ಲ. ಕೈ ತುಂಬಿರಬೇಕು, ಜೊತೆಗೆ ಯಾರಾದರೂ ಇರಬೇಕು.

ಉಪವಾಸ ಇಲ್ಲೇ ಬರುತ್ತದೆ. ಈಸ್ಟರ್ ಮೊದಲಿನ 40 ದಿನದ ತಪಸ್ಸು ಕಾಲದಲ್ಲಿ ಮಾಂಸ ಬಿಟ್ಟು ಮೀನಿಗೆ ಹೋಗಿ, ನಾಲ್ಕು ಬಗೆ ಮೀನು ಉಂಡು ಉಪವಾಸ ಅನ್ನುವುದನ್ನು ನಾವೆಲ್ಲ ಕಂಡಿದ್ದೇವೆ! ಅದರಿಂದ ಅಷ್ಟೇನೂ ಆಗುವುದಿಲ್ಲ. ಪಾಪವಲ್ಲದ, ನಿಮಗೆ ಇಷ್ಟವಾದ ಒಂದು ಸಣ್ಣ ವಸ್ತುವಿಗೆ ವಾರದಲ್ಲಿ ಒಂದು ದಿನ 'ಬೇಡ' ಅನ್ನಿ. ಶುಕ್ರವಾರ ಚಹಾ ಇಲ್ಲ. ಬುಧವಾರ ಟಿವಿ ಇಲ್ಲ. 'ಬೇಡ' ಅಂದರೆ ಪ್ರಾಣ ಹೋಗುವುದಿಲ್ಲ ಅನ್ನುವುದು ಮೈಗೆ ಅಭ್ಯಾಸ ಆಗುತ್ತದೆ.

ಹೆಜ್ಜೆ 7: ರಾತ್ರಿ ಲೆಕ್ಕ

ಇಗ್ನೇಷಿಯಸ್ ಅವರ ಇನ್ನೊಂದು ಪದ್ಧತಿ ತುಂಬಾ ಸರಳ. ಒಂದೇ ಒಂದು ದೋಷ ಆರಿಸಿ. ಬೆಳಿಗ್ಗೆ ಎದ್ದಾಗ ಅದರ ಬಗ್ಗೆ ಎಚ್ಚರ ಇರುತ್ತೇನೆ ಅಂತ ಅಂದುಕೊಳ್ಳಿ. ಮಧ್ಯಾಹ್ನ ಊಟದ ನಂತರ ಒಮ್ಮೆ, ರಾತ್ರಿ ಊಟದ ನಂತರ ಒಮ್ಮೆ ಹಿಂದೆ ನೋಡಿ, ಎಷ್ಟು ಸಲ ಬಿದ್ದಿರೋ ಅಷ್ಟು ಚುಕ್ಕೆ ಒಂದು ಗೆರೆಯ ಮೇಲೆ ಇಡಿ. ಈ ವಾರವನ್ನು ಹಿಂದಿನ ವಾರದ ಜೊತೆ ಹೋಲಿಸಿ. ಬಿದ್ದ ಆ ಕ್ಷಣದಲ್ಲೇ ಎದೆ ಮೇಲೆ ಒಮ್ಮೆ ಕೈ ಇಟ್ಟು ದುಃಖಪಡಿ ಅನ್ನುತ್ತಾರೆ ಅವರು, ಹತ್ತು ಜನರ ನಡುವೆ ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಚಾಡಿ, ಸಿಟ್ಟು, ಸುಳ್ಳಿಗೆ ಇದರಷ್ಟು ಒಳ್ಳೆ ಮದ್ದು ನನಗೆ ಬೇರೆ ಗೊತ್ತಿಲ್ಲ.

ಬಿದ್ದರೆ ಏನು ಮಾಡಬೇಕು? ಅದೇ ದಿನ ಏಳಬೇಕು. 'ಸೋಮವಾರದಿಂದ', 'ಮುಂದಿನ ತಿಂಗಳಿಂದ', 'ಧ್ಯಾನಕ್ಕೆ ಹೋಗಿ ಬಂದ ಮೇಲೆ' ಅನ್ನುವುದೇ ಎರಡನೇ ಬಲೆ, ಮೊದಲನೆಯದಕ್ಕಿಂತ ಕೆಟ್ಟದ್ದು. ಯೇಸುವನ್ನು ಗೊತ್ತೇ ಇಲ್ಲ ಅಂದ ಪೇತ್ರನೂ ಅವನನ್ನು ಹಿಡಿದುಕೊಟ್ಟ ಯೂದನೂ ಒಂದೇ ರಾತ್ರಿ ಬಿದ್ದವರು. ಪೇತ್ರ ಅತ್ತು ಉಳಿದ ಶಿಷ್ಯರ ನಡುವೆಯೇ ಉಳಿದ. ಯೂದನಿಗೂ ಪಶ್ಚಾತ್ತಾಪ ಆಗಿತ್ತು ಅಂತ ಮತ್ತಾಯ 27:3 ಹೇಳುತ್ತದೆ. 30 ಬೆಳ್ಳಿ ನಾಣ್ಯ ತಿರುಗಿ ಕೊಟ್ಟ, ಆದರೆ ಯೇಸುವಿನ ಹತ್ತಿರ ತಿರುಗಿ ಬರಲಿಲ್ಲ. 51ನೇ ಕೀರ್ತನೆ ಓದಿ, 1 ಯೋಹಾನ 1:9 ಓದಿ, ಮಲಗಿ. ಇನ್ನೊಬ್ಬರ ಹಣ ತಿಂದದ್ದಾದರೆ ಪ್ರಾರ್ಥನೆ ಮಾತ್ರ ಸಾಲದು. ಸುಂಕದವ ಜಕ್ಕಾಯ ಮೋಸದಿಂದ ತೆಗೆದದ್ದರ ನಾಲ್ಕರಷ್ಟು ಕೊಡುತ್ತೇನೆ ಅಂದ, ನೀವು ಕನಿಷ್ಠ ಅಸಲಾದರೂ ಕೊಡಿ.

ಇದು ಶೋಧನೆಯ ಹಂತ ದಾಟಿದ್ದರೆ

ದಿನಾ ಕುಡಿಯುವವರ ಮನೆಯವರು ಇದನ್ನು ಗಮನವಿಟ್ಟು ಓದಿ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು 'ಇವತ್ತಿನಿಂದ ಯೇಸುವಿನ ಹೆಸರಲ್ಲಿ ಬಿಟ್ಟೆ' ಅಂತ ಒಮ್ಮೆಗೇ ನಿಲ್ಲಿಸಿದರೆ ಒಂದೆರಡು ದಿನದಲ್ಲಿ ಕೈ ನಡುಕ, ಬೆವರು, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ಅದು ದೆವ್ವದ ಕಾಟ ಅಲ್ಲ, ಮೈ ಮದ್ಯಕ್ಕೆ ಒಗ್ಗಿ ಹೋದದ್ದರ ಪರಿಣಾಮ. ಪ್ರಾರ್ಥನೆಗೆ ಕರೆದುಕೊಂಡು ಹೋಗುವ ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ವ್ಯಸನದ ಬಗ್ಗೆ ಕೇಳಲು ರಾಷ್ಟ್ರೀಯ ಸಹಾಯವಾಣಿ 14446 ಇದೆ, ಮನಸ್ಸು ಕುಸಿದಿದ್ದರೆ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡಿಲ್ಲ. ಔಷಧಿ ತೆಗೆದುಕೊಂಡರೆ ನಂಬಿಕೆ ಕಡಿಮೆ ಅಂತ ಯಾರಾದರೂ ಹೇಳಿದರೆ ಸುವಾರ್ತೆ ಬರೆದ ಲೂಕ ಸ್ವತಃ ವೈದ್ಯನಾಗಿದ್ದ ಅಂತ ನೆನಪಿಸಿ (ಕೊಲೊಸ್ಸೆ 4:14).

ಗೆದ್ದ ವಾರದಲ್ಲಿ ಜಾಸ್ತಿ ಜಾಗ್ರತೆ

ಅಡವಿಯ ಕಥೆ ಮುಗಿಸುವಾಗ ಲೂಕ (4:13) ಒಂದು ಮಾತು ಸೇರಿಸುತ್ತಾನೆ: ಸೈತಾನ ತಕ್ಕ ಸಮಯ ಬರುವ ತನಕ ಅವನನ್ನು ಬಿಟ್ಟುಹೋದ. ನಮ್ಮಲ್ಲಿ ಆ ತಕ್ಕ ಸಮಯ ಹೆಚ್ಚಾಗಿ ಈಸ್ಟರ್ ವಾರ. 40 ದಿನ ಬಿಟ್ಟದ್ದು ಹಬ್ಬದ ರಾತ್ರಿ ಎರಡರಷ್ಟಾಗಿ ಬರುತ್ತದೆ. ಧ್ಯಾನ ಕೂಟ ಮುಗಿಸಿ ಬಂದ ಮೊದಲ ವಾರವೂ ಹಾಗೆ, ಗಲ್ಫಿನಿಂದ ರಜೆಗೆ ಬಂದ ಮೊದಲ ವಾರವೂ ಹಾಗೆ. ಆದ್ದರಿಂದ ಪವಿತ್ರ ಶನಿವಾರವೇ ಕೂತು ಮುಂದಿನ ಏಳು ಸಂಜೆ ಎಲ್ಲಿ, ಯಾರ ಜೊತೆ ಅಂತ ಅದೇ ನೋಟ್ ಬುಕ್ಕಿನಲ್ಲಿ ಬರೆಯಿರಿ. ಹೆಜ್ಜೆ 5ರಲ್ಲಿ ಆರಿಸಿದವರಿಗೆ ಆ ಪುಟದ ಫೋಟೋ ತೆಗೆದು ವಾಟ್ಸ್ಆ್ಯಪ್ ಮಾಡಿ. ಈಸ್ಟರ್ ಸೋಮವಾರ ಸಂಜೆ ಒಂದು ಫೋನ್ ಮಾಡಿ ಅಂತ ಅವರಿಗೆ ಈಗಲೇ ಹೇಳಿಡಿ.